ಹಸುಗೂಸಿಗೆ ಕೈರೋಪ್ರಾಕ್ಟಿಕ್: ಬೋರ್ಡ್ ಮಾತು ನಂಬೋದಾ, ಸರ್ಕಾರ ಹಾಕಿದ ಗೆರೆ ನಂಬೋದಾ?

ಮಗುಗೆ ಮೂರು ವಾರ ಆಗ್ತಿದ್ದಂಗೆ ಸಂಜೆ ಅಳು ಶುರು ಆಗುತ್ತೆ, ಆರನೇ ವಾರದ ಹೊತ್ತಿಗೆ ಮನೆಮಂದಿ ಎಲ್ಲ ಸುಸ್ತು, ಊರಿಂದ ಬಂದಿರೋ ಅತ್ತೆ ಗ್ರೈಪ್ ವಾಟರ್ ಕೊಡು ಅಂತಾರೆ, ಆಫೀಸಲ್ಲಿ ಯಾರೋ "ನಮ್ಮ ಕೈರೋ ತುಂಬಾ ಜೆಂಟಲ್, ಎರಡೇ ಸಿಟ್ಟಿಂಗಿಗೆ ಸರಿ ಹೋಯ್ತು" ಅಂತಾರೆ. ಕೈರೋ ಅಂದ್ರೆ ಕೈರೋಪ್ರಾಕ್ಟರ್, ಬೆನ್ನುಮೂಳೆ, ಕೀಲುಗಳನ್ನ ಕೈಯಿಂದ ಒತ್ತಿ ತಳ್ಳಿ ಚಿಕಿತ್ಸೆ ಮಾಡೋರು. ಆಸ್ಟ್ರೇಲಿಯಾ, ಯುಕೆ, ಕೆನಡಾ ಕಡೆ ಇರೋ ಕನ್ನಡದವರಿಗೆ ಇದೇನು ಹೊಸದಲ್ಲ. ಸರಿ ಅಂತ ಗೂಗಲ್ ಮಾಡಿದ್ರೆ ಒಂದು ಕಡೆ ಬ್ಯಾನ್ ಮಾಡಿದಾರೆ ಅಂತ ಇರುತ್ತೆ, ಇನ್ನೊಂದು ಕಡೆ ಬ್ಯಾನ್ ತೆಗೆದ್ರು ಅಂತ, ಮತ್ತೊಂದು ಕಡೆ ಮತ್ತೆ ಹಾಕಿದ್ರು ಅಂತ. ಮಜಾ ಏನಂದ್ರೆ ಆಸ್ಟ್ರೇಲಿಯಾ ಮಟ್ಟಿಗೆ ಮೂರೂ ನಿಜ, ಬೇರೆ ಬೇರೆ ವರ್ಷದ್ದು ಅಷ್ಟೇ.

ಹಾಗಾಗಿ ಇಲ್ಲಿ ನಾನು ಕೈರೋಪ್ರಾಕ್ಟಿಕ್ ಒಳ್ಳೇದಾ ಕೆಟ್ಟದ್ದಾ ಅಂತ ಪೂರ್ತಿ ಪುರಾಣ ಹೇಳೋಕೆ ಹೋಗ್ತಿಲ್ಲ, ರೂಲ್ಸ್ ಯಾರು ಮಾಡ್ತಾರೆ, ಯಾವ ದೇಶದಲ್ಲಿ ಯಾವ ಥರದ ರೂಲ್ಸ್ ಇದೆ, ಅದರಲ್ಲಿ ಯಾವುದು ನಿಮ್ಮ ಮಗುಗೆ ನಿಜವಾಗಿ ಉಪಯೋಗಕ್ಕೆ ಬರುತ್ತೆ ಅನ್ನೋದನ್ನ ಮಾತ್ರ ಪಕ್ಕಪಕ್ಕ ಇಟ್ಟು ನೋಡೋಣ. ದೊಡ್ಡವರ ಸೊಂಟನೋವಿನ ವಿಷಯ ಬೇರೆ, ಅದನ್ನ ಇಲ್ಲಿ ತರೋದೇ ಇಲ್ಲ.

ಮೊದಲು ಒಂದು ಗೊಂದಲ ಬಗೆಹರಿಸ್ಕೊಳ್ಳಿ. ಅಸೋಸಿಯೇಷನ್ ಬೇರೆ, ಬೋರ್ಡ್ ಬೇರೆ. ಅಸೋಸಿಯೇಷನ್ ಅಂದ್ರೆ ಅವರ ಸಂಘ, ಅವರ ಪರವಾಗಿ ಮಾತಾಡೋದೇ ಅದರ ಕೆಲಸ, ಅದರಲ್ಲಿ ತಪ್ಪೇನೂ ಇಲ್ಲ. ಬೋರ್ಡ್ ಅಥವಾ ಕೌನ್ಸಿಲ್ ಅಂದ್ರೆ ಕಾನೂನಿನಡಿ ಹುಟ್ಟಿದ್ದು, ಲೈಸೆನ್ಸ್ ಕೊಡೋದು, ಕಂಪ್ಲೇಂಟ್ ಬಂದ್ರೆ ವಿಚಾರಣೆ ಮಾಡೋದು, ಅದರ ಕೆಲಸ ಪೇಷಂಟ್‌ಗಳನ್ನ ಕಾಪಾಡೋದು. ಆದ್ರೆ ಅದರಲ್ಲಿ ಕೂತಿರೋರಲ್ಲಿ ಬಹಳ ಜನ ಅದೇ ವೃತ್ತಿಯವರು. ಆಸ್ಟ್ರೇಲಿಯಾದ ನ್ಯಾಷನಲ್ ಲಾ ಪ್ರಕಾರ ಬೋರ್ಡಲ್ಲಿ ಕನಿಷ್ಠ ಅರ್ಧ, ಹೆಚ್ಚು ಅಂದ್ರೆ ಮೂರನೇ ಎರಡು ಭಾಗ ಅದೇ ವೃತ್ತಿಯವರು ಇರಬೇಕು, ಉಳಿದೋರು ಹೊರಗಿನವರು, ನೇಮಕ ಮಾಡೋದು ಆರೋಗ್ಯ ಮಂತ್ರಿಗಳು. ಅಂದ್ರೆ ಪೂರ್ತಿ ಸ್ವಯಂ ನಿಯಂತ್ರಣ ಅಂತ ಹೇಳೋಕಾಗಲ್ಲ, ಪೂರ್ತಿ ಸರ್ಕಾರಿ ಅಂತಾನೂ ಹೇಳೋಕಾಗಲ್ಲ. ಕ್ಲಿನಿಕ್ಕಿನ ಗೋಡೆ ಮೇಲೆ ಸರ್ಟಿಫಿಕೇಟ್ ನೋಡಿದಾಗ ಅದು ಸಂಘದ ಮೆಂಬರ್‌ಶಿಪ್ಪಾ ಬೋರ್ಡಿನ ರಿಜಿಸ್ಟ್ರೇಷನ್ನಾ ಅಂತ ಒಂದ್ಸಲ ಕಣ್ಣಾಡಿಸಿ, ಆಸ್ಟ್ರೇಲಿಯಾದಲ್ಲಾದ್ರೆ ಆಪ್ರಾ (ಆರೋಗ್ಯ ವೃತ್ತಿಯವರ ರಿಜಿಸ್ಟರ್ ಇಡೋ ಸಂಸ್ಥೆ) ವೆಬ್‌ಸೈಟಲ್ಲಿ ಹೆಸರು ಹಾಕಿ ಹುಡುಕಿದ್ರೆ ಅಲ್ಲೇ ಗೊತ್ತಾಗುತ್ತೆ, ಷರತ್ತು ಏನಾದ್ರೂ ಹಾಕಿದ್ರೆ ಅದೂ ಕಾಣುತ್ತೆ.

ಮೊದಲನೇ ಆಯ್ಕೆ: ವೃತ್ತಿಯವರೇ ತಮ್ಮನ್ನ ನೋಡ್ಕೊಳ್ಳೋದು

ಇದಕ್ಕೆ ಆಸ್ಟ್ರೇಲಿಯಾ ಕಥೆಗಿಂತ ಒಳ್ಳೇ ಉದಾಹರಣೆ ಸಿಗಲ್ಲ, ಸ್ವಲ್ಪ ಉದ್ದ ಆಗುತ್ತೆ, ಓದಿ.

2016ರಲ್ಲೇ ಅಲ್ಲಿನ ಕೈರೋಪ್ರಾಕ್ಟಿಕ್ ಬೋರ್ಡ್ ಒಂದು ಹೇಳಿಕೆ ಕೊಟ್ಟಿತ್ತು, ಮಕ್ಕಳ ನಾನಾ ಕಾಯಿಲೆಗೆ ಬೆನ್ನುಮೂಳೆ ಚಿಕಿತ್ಸೆಯಿಂದ ಅನುಕೂಲ ಆಗುತ್ತೆ ಅಂತ ಜಾಹೀರಾತು ಹಾಕೋಕೆ ಸಾಕಷ್ಟು ಸಾಕ್ಷ್ಯ ಇಲ್ಲ, ಹಾಕಬೇಡಿ ಅಂತ. ಒಳ್ಳೇ ಮಾತೇ. ಆದ್ರೆ ಅದು ಜಾಹೀರಾತಿನ ಬಗ್ಗೆ, ರೂಮೊಳಗೆ ಏನು ಮಾಡ್ತಾರೆ ಅನ್ನೋದರ ಬಗ್ಗೆ ಅಲ್ಲ. 2018ರಲ್ಲಿ ಮೆಲ್ಬರ್ನಿನ ಒಬ್ಬ ಕೈರೋಪ್ರಾಕ್ಟರ್ ಎರಡು ವಾರದ ಮಗುವನ್ನ ಕಾಲು ಹಿಡಿದು ತಲೆಕೆಳಗೆ ಎತ್ತಿ, ಸ್ಪ್ರಿಂಗ್ ಇರೋ ಒಂದು ಚಿಕ್ಕ ಸಾಧನದಿಂದ ಬೆನ್ನಿಗೆ ಟಕ್ ಟಕ್ ಅಂತ ಒತ್ತೋ ವಿಡಿಯೋನ ಕ್ಲಿನಿಕ್ಕಿನ ಪೇಜಲ್ಲೇ ಹಾಕಿದ್ರು. ಬಚ್ಚಿಟ್ಟಿದ್ದಲ್ಲ ನೋಡಿ, ಅವರ ಪಾಲಿಗೆ ಅದು ಪ್ರಚಾರ. 2019ರ ಫೆಬ್ರವರಿಯಲ್ಲಿ ಅದು ನ್ಯೂಸಾಯ್ತು, ಆಗಿನ ವಿಕ್ಟೋರಿಯಾ ಆರೋಗ್ಯ ಮಂತ್ರಿ ಜೆನ್ನಿ ಮಿಕಾಕೋಸ್ 12 ವರ್ಷದೊಳಗಿನ ಮಕ್ಕಳಿಗೆ ಇದನ್ನ ನಿಲ್ಲಿಸಬೇಕು ಅಂದ್ರು, ವಿಚಾರಣೆ ಮುಗಿಯೋ ತನಕ 12ರ ಒಳಗಿನ ಮಕ್ಕಳಿಗೆ ಚಿಕಿತ್ಸೆ ಮಾಡಲ್ಲ ಅಂತ ಆ ಕೈರೋಪ್ರಾಕ್ಟರ್ ಬರ್ಕೊಟ್ರು. ಮಾರ್ಚಲ್ಲಿ ಬೋರ್ಡು ಇಂಟರಿಮ್ ಪಾಲಿಸಿ, ಅಂದ್ರೆ ತಾತ್ಕಾಲಿಕ ನಿಯಮ ಅಂತ ತಂತು: ಎರಡು ವರ್ಷದೊಳಗಿನ ಮಕ್ಕಳಿಗೆ ಬೆನ್ನುಮೂಳೆ ಮ್ಯಾನಿಪುಲೇಷನ್ (ಕೀಲಿಗೆ ವೇಗವಾಗಿ ತಳ್ಳು ಕೊಡೋದು) ಬೇಡ. ಗಮನಿಸಿ, ಮಂತ್ರಿ ಕೇಳಿದ್ದು 12, ಬೋರ್ಡು ಕೊಟ್ಟಿದ್ದು 2.

(ಕಾಲು ಹಿಡಿದು ತಲೆಕೆಳಗೆ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ಮಗುಗೆ ನೀರು ಹಾಕೋಕೆ ಬರ್ತಿದ್ದ ಅಜ್ಜಿ ನೆನಪಾಗಿರ್ತಾರೆ, ಎಣ್ಣೆ ಹಚ್ಚಿ, ಕೈಕಾಲು ಎಳೆದು, ಕೊನೆಗೆ ಕಾಲು ಹಿಡಿದು ಒಂದ್ಸಲ ಜೋತಾಡಿಸೋದು. ನಮ್ಮಲ್ಲಿ ಇದೆಲ್ಲ ಇದ್ದಿದ್ದೇ ಅಂತ ಅದು ಸೇಫ್ ಆಗಿಬಿಡಲ್ಲ, ಮಕ್ಕಳ ಡಾಕ್ಟರುಗಳು ಅದನ್ನೂ ಬೇಡ ಅಂತಾನೇ ಹೇಳೋದು. ಮೆತ್ತಗೆ ಎಣ್ಣೆ ಹಚ್ಚೋದಕ್ಕೆ ಯಾರದ್ದೂ ತಕರಾರಿಲ್ಲ.)

ಆಮೇಲೆ ಸೇಫರ್ ಕೇರ್ ವಿಕ್ಟೋರಿಯಾ ಅನ್ನೋ ಸರ್ಕಾರಿ ಸಂಸ್ಥೆ ರಿವ್ಯೂ ಮಾಡ್ತು, 2019ರ ಕೊನೆಗೆ ವರದಿ ಬಂತು. ಇಡೀ ಚರ್ಚೆ ನಿಂತಿರೋದು ಈ ವರದಿ ಮೇಲೆ. ಅದರಲ್ಲಿ ಏನಿದೆ ಅಂದ್ರೆ, ಒಂದು, ಆಸ್ಟ್ರೇಲಿಯಾದಲ್ಲಿ ಮಕ್ಕಳಿಗೆ ದೊಡ್ಡ ಹಾನಿ ಆಗಿದೆ ಅನ್ನೋಕೆ ತುಂಬಾ ಕಡಿಮೆ ಸಾಕ್ಷ್ಯ. ಎರಡು, ಉಪಯೋಗ ಆಗುತ್ತೆ ಅನ್ನೋಕೂ ಸಾಕ್ಷ್ಯ ಬಹಳ ದುರ್ಬಲ. ಮೂರು, 21,000ಕ್ಕೂ ಹೆಚ್ಚು ಜನ ಅಭಿಪ್ರಾಯ ಕಳಿಸಿದ್ರು, ಅದರಲ್ಲಿ ಶೇಕಡಾ 99ಕ್ಕಿಂತ ಜಾಸ್ತಿ ಜನ ನಮಗೆ ಒಳ್ಳೇ ಅನುಭವ ಅಂತಾನೇ ಬರೆದ್ರು. ಇಷ್ಟಾದ ಮೇಲೂ ವರದಿ ಶಿಫಾರಸು ಮಾಡಿದ್ದು ಏನಂದ್ರೆ, ಕೋಲಿಕ್ (ಹಸುಗೂಸಿನ ಬಿಡದ ಅಳು), ಹಾಸಿಗೆ ಒದ್ದೆ ಮಾಡೋದು, ಕಿವಿ ಸೋಂಕು, ಅಸ್ತಮಾ, ಜೀರ್ಣದ ತೊಂದರೆ, ಆಟಿಸಂ, ಕತ್ತು ವಾಲೋ ಟಾರ್ಟಿಕಾಲಿಸ್ ಇಂಥದ್ದಕ್ಕೆಲ್ಲ, ಅಥವಾ ಸುಮ್ನೆ ಆರೋಗ್ಯ ಚೆನ್ನಾಗಿರಲಿ ಅಂತ, 12 ವರ್ಷದೊಳಗಿನ ಮಕ್ಕಳಿಗೆ ಯಾವ ಪ್ರಾಕ್ಟೀಷನರ್ರೂ ಬೆನ್ನುಮೂಳೆ ಮ್ಯಾನಿಪುಲೇಷನ್ ಮಾಡಬಾರದು.

ಕೈರೋಪ್ರಾಕ್ಟರ್‌ಗಳು ಕೇಳಿದ್ದು ಸಹಜ: ಹಾನಿ ಇಲ್ಲ ಅಂತೀರಿ, ಜನ ಖುಷಿಯಾಗಿದಾರೆ ಅಂತೀರಿ, ಮತ್ಯಾಕ್ರೀ ಬ್ಯಾನ್? ಮೊದಲ ಓದಿಗೆ ನಂಗೂ ಈ ಪ್ರಶ್ನೆ ನ್ಯಾಯವಾಗೇ ಕಾಣುತ್ತೆ. ಆದ್ರೆ ಕೋಲಿಕ್ ಅಂದ್ರೆ ಏನು ಅಂತ ನೋಡಿ. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ, ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ ಅಳು, ಸುಮಾರು ಆರು ವಾರಕ್ಕೆ ತುತ್ತತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನಾಗೇ ಇಳಿಯುತ್ತೆ. ಅಪ್ಪ-ಅಮ್ಮ ಕೈರೋ ಹತ್ರ ಓಡೋದು ಯಾವಾಗ? ಅಳು ತುದೀಲಿ ಇದ್ದಾಗ. ಆಮೇಲೆ ಏನು ಮಾಡಿದ್ರೂ ಇಳಿಯುತ್ತೆ, ಏನೂ ಮಾಡದಿದ್ರೂ ಇಳಿಯುತ್ತೆ, ಕ್ರೆಡಿಟ್ ಮಾತ್ರ ಕೊನೇಲಿ ಕೈ ಹಾಕಿದೋರಿಗೆ. ಮಗುಗಂತೂ ನೋವಾಯ್ತು ಅಂತ ಹೇಳೋಕೆ ಬಾಯಿಲ್ಲ, ಅತ್ತರೆ ಅದು ಹೇಗಿದ್ರೂ ಅಳೋ ಮಗುನೇ. ಅಂದ್ರೆ ಬೋರ್ಡು ನಡೆಯೋದೇ ಕಂಪ್ಲೇಂಟ್ ಮೇಲೆ, ಈ ವಿಷಯದಲ್ಲಿ ಕಂಪ್ಲೇಂಟು ಹುಟ್ಟೋಕೆ ದಾರೀನೇ ಇಲ್ಲ. ಹಾಗಾಗಿ ದೂರು ಬಂದಿಲ್ಲ ಅನ್ನೋದನ್ನ ಸುರಕ್ಷತೆಗೆ ಪುರಾವೆ ಅಂತ ಇಲ್ಲಿ ತಗೊಳ್ಳೋಕಾಗಲ್ಲ. ಸ್ವಯಂ ನಿಯಂತ್ರಣ ಮಿಕ್ಕ ಕಡೆ ಎಷ್ಟೇ ಚೆನ್ನಾಗಿರಲಿ, ಹಸುಗೂಸಿನ ಮಟ್ಟಿಗೆ ನನಗೆ ಅದರ ಮೇಲೆ ನಂಬಿಕೆ ಕಡಿಮೆ ಆಗೋದು ಇದಕ್ಕೇನೇ, ಅವರು ಕೆಟ್ಟವರು ಅಂತ ಅಲ್ಲ.

ಇದನ್ನ ಟೆಸ್ಟ್ ಮಾಡಿ ನೋಡಿದ್ದೂ ಇದೆ. ನಾರ್ವೆಯ ಬರ್ಗೆನ್‌ನಲ್ಲಿ 86 ಕೋಲಿಕ್ ಮಕ್ಕಳನ್ನ ತಗೊಂಡು ಮಾಡಿದ ಟ್ರಯಲ್, 2001ರಲ್ಲಿ ಪ್ರಕಟ ಆಯ್ತು. ಅಪ್ಪ-ಅಮ್ಮ ಹೊರಗೇ ಇರ್ತಾರೆ, ನರ್ಸ್ ಮಗುನ ಒಳಗೆ ಕರ್ಕೊಂಡು ಹೋಗ್ತಾರೆ, ಒಂದು ಗುಂಪಿನ ಮಕ್ಕಳಿಗೆ ಕೈರೋಪ್ರಾಕ್ಟರ್ ಚಿಕಿತ್ಸೆ ಮಾಡ್ತಾರೆ, ಇನ್ನೊಂದು ಗುಂಪಿಗೆ ನರ್ಸ್ ಸುಮ್ನೆ ಹತ್ತು ನಿಮಿಷ ಎತ್ಕೊಂಡಿರ್ತಾರೆ ಅಷ್ಟೇ. ತಮ್ಮ ಮಗು ಯಾವ ಗುಂಪು ಅಂತ ಅಪ್ಪ-ಅಮ್ಮನಿಗೆ ಗೊತ್ತಿಲ್ಲ. ಚಿಕಿತ್ಸೆ ಗುಂಪಲ್ಲಿ ಸುಮಾರು ಶೇಕಡಾ 70 ಮಕ್ಕಳು ಸುಧಾರಿಸಿದ್ರು, ಎತ್ಕೊಂಡಿದ್ದ ಗುಂಪಲ್ಲಿ ಶೇಕಡಾ 60. ಅಷ್ಟು ಕಡಿಮೆ ಮಕ್ಕಳಿದ್ದಾಗ ಆ ವ್ಯತ್ಯಾಸ ಆಕಸ್ಮಿಕವಾಗೂ ಬರಬಹುದು, ಹಾಗಾಗಿ ಪ್ಲಸೀಬೋಗಿಂತ (ಬರೀ ತೋರಿಕೆಯ ಚಿಕಿತ್ಸೆಗಿಂತ) ಮೇಲಲ್ಲ ಅಂತ ತೀರ್ಮಾನ. ಇರೋ ಟ್ರಯಲ್ಲುಗಳನ್ನೆಲ್ಲ ಒಟ್ಟು ಹಾಕಿ ತೂಗೋ 2012ರ ಕಾಕ್ರೇನ್ ರಿವ್ಯೂನಲ್ಲೂ ಆರು ಟ್ರಯಲ್, 325 ಮಕ್ಕಳು ಒಟ್ಟಿಗೆ ನೋಡಿದಾಗ ಅಳು ಕಮ್ಮಿ ಆದಂಗೆ ಕಾಣುತ್ತೆ, ಅಪ್ಪ-ಅಮ್ಮನಿಗೆ ಗೊತ್ತಾಗದ ಹಾಗೆ ಮಾಡಿದ ಟ್ರಯಲ್ ಮಾತ್ರ ಇಟ್ಕೊಂಡ್ರೆ ಆ ಲಾಭ ಗಟ್ಟಿಯಾಗಿ ನಿಲ್ಲಲ್ಲ. ಆ ಶೇಕಡಾ 60 ಇದೆಯಲ್ಲ, ಅದೇ 21,000 ಪತ್ರದ ಅರ್ಧ ಗುಟ್ಟು ಅಂತ ನನ್ನ ಅನಿಸಿಕೆ.

ಹಾನಿ ಅನ್ನೋದು ಅಪರೂಪ, ಸೊನ್ನೆ ಅಲ್ಲ. ಪ್ರಪಂಚದ ಮೆಡಿಕಲ್ ಪತ್ರಿಕೆಗಳನ್ನ ಜಾಲಾಡಿ 2007ರಲ್ಲಿ ಬಂದ ಒಂದು ರಿವ್ಯೂಗೆ ಸಿಕ್ಕಿದ್ದು ಮಕ್ಕಳಲ್ಲಿ ನೇರ ತೊಂದರೆ ಆದ 14 ಪ್ರಕರಣ, ಅದರಲ್ಲಿ 9 ಗಂಭೀರ. ಇಷ್ಟು ದಶಕದಲ್ಲಿ ಅಷ್ಟೇನಾ ಅಂತ ಒಬ್ಬರು ಕೇಳಬಹುದು, ತಾನಾಗೇ ವಾಸಿ ಆಗೋ ಅಳುವಿಗೆ ಅಷ್ಟೂ ಯಾಕೆ ಅಂತ ಇನ್ನೊಬ್ಬರು ಕೇಳಬಹುದು. ನಾನು ಎರಡನೇ ಕಡೆ.

ಎರಡನೇ ಆಯ್ಕೆ: ಸರ್ಕಾರ ವಯಸ್ಸಿನ ಗೆರೆ ಎಳೆಯೋದು

ಕಥೆ 2019ಕ್ಕೆ ಮುಗೀಲಿಲ್ಲ. 2023ರ ನವೆಂಬರಲ್ಲಿ ಬೋರ್ಡು ಮಕ್ಕಳ ಚಿಕಿತ್ಸೆ ಬಗ್ಗೆ ಹೊಸ ಹೇಳಿಕೆ ತಂತು, ಅದರ ಜೊತೆಗೆ ಆ ಎರಡು ವರ್ಷದ ನಿಷೇಧ ಸದ್ದಿಲ್ಲದೆ ಹೋಯ್ತು. ಸದ್ದಿಲ್ಲದೆ ಅಂತ ಯಾಕಂದೆ ಅಂದ್ರೆ, ದೊಡ್ಡದಾಗಿ ಸುದ್ದಿ ಆಗಿದ್ದು 2024ರ ಜೂನಲ್ಲಿ. ಡಾಕ್ಟರ್‌ಗಳ ಸಂಘಟನೆಗಳು ಗಲಾಟೆ ಮಾಡಿದ್ವು, ಫೆಡರಲ್ ಮಂತ್ರಿ ಮಾರ್ಕ್ ಬಟ್ಲರ್ ಮತ್ತೆ ರಾಜ್ಯದ ಮಂತ್ರಿಗಳು ವಿವರಣೆ ಕೇಳಿದ್ರು, ಅದೇ ತಿಂಗಳು ಬೋರ್ಡು ಇಂಟರಿಮ್ ಪಾಲಿಸಿನ ವಾಪಸ್ ತಂತು. ಎರಡು ಸಲ ಗೆರೆ ಬಿದ್ದಿದ್ದೂ ಮಂತ್ರಿಗಳು ದನಿ ಎತ್ತಿದ ಮೇಲೆ, ನಡುವೆ ಒಂದು ಸಲ ಗೆರೆ ಅಳಿಸಿದ್ದು ಬೋರ್ಡನ್ನ ಅದರ ಪಾಡಿಗೆ ಬಿಟ್ಟಾಗ. ಇದಕ್ಕಿಂತ ಜಾಸ್ತಿ ನಾನೇನು ಹೇಳಲಿ.

ಸರ್ಕಾರದ ಗೆರೆಯ ಪ್ಲಸ್ ಪಾಯಿಂಟ್: ಸರಳ. ರಿಸೆಪ್ಷನಲ್ಲಿ ಕೂತಿರೋ ಹುಡುಗೀಗೂ ಗೊತ್ತಾಗುತ್ತೆ, ನಿದ್ದೆಗೆಟ್ಟ ಅಪ್ಪನಿಗೂ ಗೊತ್ತಾಗುತ್ತೆ, ಸಾಕ್ಷ್ಯ ತರೋ ಭಾರ ಮಗು ಮೇಲಿಂದ ಚಿಕಿತ್ಸೆ ಮಾಡೋರ ಮೇಲೆ ಹೋಗುತ್ತೆ. ಮೈನಸ್ಸೂ ಇದೆ, ಅದನ್ನ ಮುಚ್ಚಿಡಲ್ಲ. ವಿಡಿಯೋ ವೈರಲ್ ಆಗಿದ್ದಕ್ಕೆ ಮಂತ್ರಿ ಎದ್ದರು, ಆಗದಿದ್ರೆ ಏಳ್ತಿರಲಿಲ್ಲ, ಆ ಥರ ನೀತಿ ಮಾಡೋದು ಒಳ್ಳೇ ಅಭ್ಯಾಸ ಅಲ್ಲ. 12 ಯಾಕೆ, 10 ಯಾಕಲ್ಲ ಅಂದ್ರೆ ಉತ್ತರ ಕೊಡೋದು ಕಷ್ಟ. ಇನ್ನೊಂದು, ಡಾಕ್ಟರ್ ಲಾಬಿ ಮೇಲೆ ಕೈರೋಪ್ರಾಕ್ಟರ್‌ಗಳಿಗೆ ಇರೋ ಅನುಮಾನ ಸುಮ್ನೆ ಹುಟ್ಟಿದ್ದಲ್ಲ, ಅಮೆರಿಕದಲ್ಲಿ ಮೆಡಿಕಲ್ ಅಸೋಸಿಯೇಷನ್ನೇ ಸೇರ್ಕೊಂಡು ಇವರ ವೃತ್ತಿನ ತುಳಿಯೋಕೆ ನೋಡ್ತು ಅಂತ 1987ರಲ್ಲಿ ಕೋರ್ಟೇ ಹೇಳಿದೆ. ಅದು ಅವರಿಗೆ ಇವತ್ತಿಗೂ ಹಸಿ ಗಾಯ.

ಎಲ್ಲಕ್ಕಿಂತ ದೊಡ್ಡ ತೂತು ಅಂದ್ರೆ ಡೆಫಿನಿಷನ್. ನಿಷೇಧ ಇರೋದು ಮ್ಯಾನಿಪುಲೇಷನ್‌ಗೆ, ಅಂದ್ರೆ ಕೀಲನ್ನ ಅದರ ಮಾಮೂಲಿ ಮಿತಿ ದಾಟಿಸಿ ವೇಗವಾಗಿ ಒಂದು ಸಣ್ಣ ತಳ್ಳು ಕೊಡೋದಕ್ಕೆ. ಮೆತ್ತಗೆ ಮುಟ್ಟೋದು, ಬೆರಳಲ್ಲಿ ಒತ್ತೋದು ಇದೆಲ್ಲ ಅದರೊಳಗೆ ಬರಲ್ಲ. ಹಾಗಾಗಿ ಎರಡು ತಿಂಗಳ ಮಗುನ ಕರ್ಕೊಂಡು ಕೈರೋ ಹತ್ರ ಹೋಗೋದೇ ಕಾನೂನುಬಾಹಿರ ಅಂತ ಯಾರಾದ್ರೂ ಹೇಳಿದ್ರೆ ಅದು ತಪ್ಪು, "ನಾವು ಮಾಡೋದು ಮ್ಯಾನಿಪುಲೇಷನ್ ಅಲ್ಲ" ಅಂತ ಕ್ಲಿನಿಕ್ಕಿನವರು ಹೇಳಿದ್ರೆ ಅದು ಸರಿಯೂ ಇರಬಹುದು. ಆದ್ರೆ ಕೋಲಿಕ್ಕಿಗೆ ಆ ಮೆತ್ತಗಿನ ಚಿಕಿತ್ಸೆಯಾದ್ರೂ ಕೆಲಸ ಮಾಡುತ್ತೆ ಅನ್ನೋಕೆ ಗಟ್ಟಿ ಸಾಕ್ಷ್ಯ ಬೇಕಲ್ವಾ, ಅಲ್ಲಿಗೆ ಬಂದ್ರೆ ಮತ್ತೆ ಅದೇ ನರ್ಸ್ ಎತ್ಕೊಂಡಿದ್ದ ಹತ್ತು ನಿಮಿಷದ ಕಥೆ.

ಮೂರನೇ ಆಯ್ಕೆ: ಕೈ ಕಟ್ಟೋದಲ್ಲ, ಬಾಯಿ ಕಟ್ಟೋದು

ಬ್ರಿಟನ್ ದಾರಿ ಇದು. ಅಲ್ಲಿ 1994ರ ಕಾನೂನಿನಡಿ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ ಇದೆ, ಮಕ್ಕಳಿಗೆ ಅಂತ ವಯಸ್ಸಿನ ನಿಷೇಧ ಇಲ್ಲ. ಆದ್ರೆ ಏನು ವಾಸಿ ಮಾಡ್ತೀವಿ ಅಂತ ಹೇಳ್ಕೊಳ್ಳೋದಕ್ಕೆ ಕಡಿವಾಣ ಬಿಗಿ. ಇದು ಬಿಗಿಯಾದ ಕಥೇಲಿ ವಿಜ್ಞಾನ ಲೇಖಕ ಸೈಮನ್ ಸಿಂಗ್ ಕೇಸಿನ ಪಾಲು ದೊಡ್ಡದು. 2008ರಲ್ಲಿ ಅವರು ಗಾರ್ಡಿಯನ್ ಪತ್ರಿಕೇಲಿ, ಮಕ್ಕಳ ಕೋಲಿಕ್, ಕಿವಿ ಸೋಂಕು, ಅಸ್ತಮಾಗೆಲ್ಲ ಚಿಕಿತ್ಸೆ ಇದೆ ಅಂತ ಬ್ರಿಟಿಷ್ ಕೈರೋಪ್ರಾಕ್ಟಿಕ್ ಅಸೋಸಿಯೇಷನ್ ಹೇಳ್ಕೊಳ್ಳೋದಕ್ಕೆ ಆಧಾರ ಇಲ್ಲ ಅಂತ ಬರೆದ್ರು, ಸಂಘ ಮಾನನಷ್ಟ ಕೇಸ್ ಹಾಕ್ತು. ಸಿಂಗ್ ಬಗ್ಗದೆ ಎರಡು ವರ್ಷ ಎಳೆದಾಡಿದ್ರು, 2010ರ ಏಪ್ರಿಲಲ್ಲಿ ಅಪೀಲ್ ಕೋರ್ಟ್ ಅವರ ಕಡೆ ವಾಲಿದ ಮೇಲೆ ಸಂಘ ಕೇಸ್ ವಾಪಸ್ ತಗೊಳ್ತು. ಅಷ್ಟರಲ್ಲಿ ಸಿಟ್ಟಾದ ಜನ ಕೈರೋಪ್ರಾಕ್ಟರ್‌ಗಳ ವೆಬ್‌ಸೈಟ್ ಒಂದೊಂದೇ ತೆಗೆದು ಕೌನ್ಸಿಲ್ಲಿಗೆ ನೂರಾರು ದೂರು ಹಾಕಿದ್ರು. ಅದೇ ವರ್ಷ ಕೌನ್ಸಿಲ್ಲೇ ಹೇಳ್ತು, ಸಬ್‌ಲಕ್ಸೇಷನ್ (ಬೆನ್ನುಮೂಳೆ ಜಾಗ ಬಿಟ್ಟು ಸರಿದಿದೆ ಅನ್ನೋ ಕಲ್ಪನೆ) ಅನ್ನೋದು ಕಾಯಿಲೆಗೆ ಕಾರಣ ಅನ್ನೋಕೆ ಕ್ಲಿನಿಕಲ್ ಸಾಕ್ಷ್ಯ ಇಲ್ಲ ಅಂತ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟಲ್ಲಿ ಡಿ ಡಿ ಪಾಮರ್ ಶುರು ಮಾಡಿದ ಇಡೀ ವಿದ್ಯೆ ನಿಂತಿದ್ದೇ ಆ ಕಲ್ಪನೆ ಮೇಲೆ, ಅಂಥಾದ್ದರಲ್ಲಿ ಅವರದ್ದೇ ಕೌನ್ಸಿಲ್ ಹಂಗೆ ಹೇಳಿದ್ದು ಚಿಕ್ಕ ವಿಷಯ ಅಲ್ಲ, ಸ್ವಯಂ ನಿಯಂತ್ರಣ ಕೆಲಸ ಮಾಡಲ್ಲ ಅಂತ ಸಾರಾಸಗಟಾಗಿ ಹೇಳೋರಿಗೆ ಇದನ್ನ ತೋರಿಸ್ಬೇಕು. ಜಾಹೀರಾತು ನೋಡ್ಕೊಳ್ಳೋ ಸಂಸ್ಥೇನೂ ಆಮೇಲೆ, ಶಿಶುಗಳಿಗೆ, ಗರ್ಭಿಣಿಯರಿಗೆ ಅಂತಾನೇ ಇರೋ ತೊಂದರೆಗಳನ್ನ ವಾಸಿ ಮಾಡ್ತೀವಿ ಅಂತ ಹಾಕಬೇಡಿ ಅಂತ ಸೂಚನೆ ಕೊಟ್ಟಿದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾನೂ ಹೆಚ್ಚುಕಮ್ಮಿ ಇದೇ ದಾರಿ. 2018ರಲ್ಲಿ ಅಲ್ಲಿನ ಕಾಲೇಜು (ಓದೋ ಕಾಲೇಜಲ್ಲ, ಅಲ್ಲಿ ರೆಗ್ಯುಲೇಟರಿಗೇ ಹಂಗಂತಾರೆ) ಆಟಿಸಂ, ಎಡಿಎಚ್‌ಡಿ ಥರದ್ದಕ್ಕೆಲ್ಲ ಚಿಕಿತ್ಸೆ ಅಂತ ಹೇಳ್ಕೊಳ್ಳೋದನ್ನ ನಿಲ್ಲಿಸ್ತು. ಅದೇ ವರ್ಷ ಅದೇ ಕಾಲೇಜಿನ ಬೋರ್ಡಿನ ವೈಸ್ ಚೇರ್, ಫ್ಲೂ ಲಸಿಕೆಗಿಂತ ಹಣ್ಣಿನ ಸ್ಮೂದಿ ವಾಸಿ ಅನ್ನೋ ಥರ ವಿಡಿಯೋ ಹಾಕಿದ್ದಕ್ಕೆ ರಾಜೀನಾಮೆ ಕೊಡಬೇಕಾಯ್ತು. ಯಾರು ಯಾರನ್ನ ನೋಡ್ಕೊಳ್ಳೋದು ಅಂತ ಕೇಳೋಕೆ ಬೇರೆ ಉದಾಹರಣೆ ಬೇಕಾ? 2024ರಲ್ಲಿ ಅಲ್ಲಿನ ಸರ್ಕಾರ ಇದನ್ನ ಮಸಾಜ್ ಥೆರಪಿ, ನ್ಯಾಚುರೋಪತಿ ಮುಂತಾದವರ ಕಾಲೇಜುಗಳ ಜೊತೆ ಸೇರಿಸಿ ಒಂದೇ ಮಾಡಿಬಿಡ್ತು.

ಬಾಯಿ ಕಟ್ಟೋದರ ತೊಂದರೆ ಏನಂದ್ರೆ, ವೆಬ್‌ಸೈಟಲ್ಲಿ ಕೋಲಿಕ್ ಅನ್ನೋ ಪದ ಹೋಗುತ್ತೆ, ಬದಲಿಗೆ ನಗೋ ಮಗು ಫೋಟೋ ಹಾಕಿ "ನಾವು ಎಲ್ಲ ವಯಸ್ಸಿನವರನ್ನೂ ನೋಡ್ತೀವಿ" ಅಂತ ಬರುತ್ತೆ. ಅರ್ಥ ಆಗಬೇಕಾದೋರಿಗೆ ಅರ್ಥ ಆಗುತ್ತೆ.

ನಾಲ್ಕನೇದು, ಏನೂ ಇಲ್ಲದ್ದು

ಭಾರತ. ಫಿಸಿಯೋಥೆರಪಿ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯೊಳಗೆ ಬಂತು, ಕೈರೋಪ್ರಾಕ್ಟಿಕ್‌ಗೆ ಅಂತ ಪ್ರತ್ಯೇಕ ಕೌನ್ಸಿಲ್ ಇಲ್ಲ, ರಿಜಿಸ್ಟರ್ ಇಲ್ಲ. ಬೆಂಗಳೂರಲ್ಲಿ ಮೂಳೆ ಲಟಲಟ ಅನ್ನಿಸೋ ರೀಲ್ಸ್ ಎಷ್ಟು ಓಡ್ತಾವೆ ಅಂತ ನಿಮಗೇ ಗೊತ್ತು, ಮಾಡೋರು ಎಲ್ಲಿ ಓದಿದಾರೆ ಅಂತ ಕೇಳೋಕೆ ಒಂದು ಆಫೀಸಿಲ್ಲ. ಅಂದ ಹಾಗೆ ನಮ್ಮಲ್ಲಿ ಡಾಕ್ಟರ್‌ಗಳ ಸ್ವಯಂ ನಿಯಂತ್ರಣದ ಗತಿಯೂ ಅಷ್ಟಕ್ಕಷ್ಟೇ, ಚುನಾಯಿತ ಮೆಡಿಕಲ್ ಕೌನ್ಸಿಲನ್ನ 2010ರಲ್ಲಿ ಸೂಪರ್‌ಸೀಡ್ ಮಾಡಿದ್ರು, 2020ರಲ್ಲಿ ಅದು ಹೋಗಿ ಸರ್ಕಾರ ನೇಮಿಸೋ ನ್ಯಾಷನಲ್ ಮೆಡಿಕಲ್ ಕಮಿಷನ್ ಬಂತು. ರಜೆಗೆ ಊರಿಗೆ ಬಂದಾಗ ಮಗುನ ಇಂಥ ಕಡೆ ತೋರಿಸೋ ಯೋಚನೆ ಇದ್ರೆ ಬಿಟ್ಟುಬಿಡಿ, ಇದರ ಮೇಲೆ ಹೆಚ್ಚು ಬರೆಯೋಕೆ ಏನೂ ಇಲ್ಲ.

ಹಂಗಾದ್ರೆ ಯಾವುದನ್ನ ಆರಿಸೋದು

ದೊಡ್ಡವರಾದ್ರೆ ಬ್ರಿಟನ್ ದಾರಿ ನನಗೆ ಇಷ್ಟ, ಸುಳ್ಳು ಹೇಳಬೇಡಿ ಅಂತ ತಡೆದು ನಿರ್ಧಾರ ಜನಕ್ಕೆ ಬಿಡೋದು. ಹಸುಗೂಸಿಗೆ ಮಾತ್ರ ಸರ್ಕಾರದ ವಯಸ್ಸಿನ ಗೆರೆ ಬೇಕು, ಅದೂ ಬೋರ್ಡು ಬೇಕಾದಾಗ ಅಳಿಸೋ ಇಂಟರಿಮ್ ಪಾಲಿಸಿ ಅಲ್ಲ, ಕಾನೂನಲ್ಲಿ ಕೂರೋ ಗೆರೆ. ಎರಡು ವರ್ಷಕ್ಕಂತೂ ನನಗೆ ಅನುಮಾನ ಇಲ್ಲ, 12ರ ಬಗ್ಗೆ ಚರ್ಚೆ ಮಾಡಬಹುದು. ನೀವು ಒಪ್ಪದೇ ಇರಬಹುದು, ಮೆತ್ತಗೆ ಮುಟ್ಟೋರಿಗೆ ಯಾಕೆ ತೊಂದರೆ ಅಂತ ಅನಿಸಬಹುದು. ಅಂಥೋರು ಹೋಗೋದಾದ್ರೆ, ಒಳಗೆ ಹೋಗೋಕೆ ಮುಂಚೆ ಇಷ್ಟು ಕೇಳಿ: ನನ್ನ ಮಗುಗೆ ಏನು ತೊಂದರೆ ಅಂತ ನಿಮ್ಮ ಲೆಕ್ಕ, ಕೈಯಲ್ಲಿ ಎಕ್ಸಾಕ್ಟಾಗಿ ಏನು ಮಾಡ್ತೀರಿ, ಥ್ರಸ್ಟ್ (ವೇಗದ ತಳ್ಳು) ಇದೆಯಾ, ಸಾಧನ ಬಳಸ್ತೀರಾ, ಎಷ್ಟು ಸಿಟ್ಟಿಂಗಲ್ಲಿ ಸರಿ ಹೋಗದಿದ್ರೆ ನಿಲ್ಲಿಸ್ತೀರಿ, ನಮ್ಮ ಜಿಪಿಗೆ (ಫ್ಯಾಮಿಲಿ ಡಾಕ್ಟರಿಗೆ) ಲೆಟರ್ ಬರೀತೀರಾ. ಸಬ್‌ಲಕ್ಸೇಷನ್ ಇದೆ, ಹುಟ್ಟುವಾಗ ಬೆನ್ನುಮೂಳೆ ಅಲುಗಿದೆ, ವಾರಕ್ಕೆರಡು ಸಲದ ಪ್ಯಾಕೇಜ್ ತಗೊಳ್ಳಿ ಅಂದ್ರೆ ಎದ್ದು ಬನ್ನಿ. ಎಕ್ಸ್‌ಟ್ರಾಸ್ ಇನ್ಶೂರೆನ್ಸಲ್ಲಿ (ಆಸ್ಟ್ರೇಲಿಯಾದಲ್ಲಿ ಆಸ್ಪತ್ರೆ ಹೊರಗಿನ ಚಿಕಿತ್ಸೆಗೆ ಇರೋ ಖಾಸಗಿ ವಿಮೆ) ದುಡ್ಡು ವಾಪಸ್ ಬರುತ್ತೆ ಅನ್ನೋದು ಹೋಗೋಕೆ ಕಾರಣ ಆಗಬಾರದು, ಇನ್ಶೂರೆನ್ಸ್‌ನೋರು ನಿಮ್ಮ ಮಗುನ ನೋಡಿರಲ್ಲ.

ಕತ್ತು ಒಂದೇ ಕಡೆ ತಿರುಗಿಸ್ತಿದ್ರೆ ಜಿಪಿ ಹತ್ರ ಹೇಳಿ ಮಕ್ಕಳ ಫಿಸಿಯೋಗೆ ಹೋಗಿ, ಅದಕ್ಕೆ ಸರಿಯಾದ ದಾರಿ ಇದೆ. ಬರೀ ಅಳು ಆದ್ರೆ, ಹಾಲು ಚೆನ್ನಾಗಿ ಕುಡೀತಿದೆ, ತೂಕ ಏರ್ತಿದೆ ಅಂದ್ರೆ, ವಿಕ್ಟೋರಿಯಾದಲ್ಲಿರೋರು ಮಟರ್ನಲ್ ಅಂಡ್ ಚೈಲ್ಡ್ ಹೆಲ್ತ್ ಲೈನ್ 13 22 29ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಬಹುದು, ಸಲಹೆಗೆ ದುಡ್ಡು ಕೊಡಬೇಕಿಲ್ಲ. ಅತ್ತೆಗೆ ಇಂಗ್ಲಿಷ್ ಬರಲ್ಲ ಅಂದ್ರೆ 131 450 ಮೂಲಕ ಇಂಟರ್ಪ್ರಿಟರ್ ಕೇಳಿ. ಆದ್ರೆ ಮೂರು ತಿಂಗಳೊಳಗಿನ ಮಗುಗೆ 38 ಡಿಗ್ರಿ ಅಥವಾ ಜಾಸ್ತಿ ಜ್ವರ, ಹಸಿರು ವಾಂತಿ, ಹಾಲು ಮುಟ್ಟದೇ ಇರೋದು, ಎಬ್ಬಿಸಿದ್ರೂ ಸರಿಯಾಗಿ ಏಳದೇ ಇರೋದು ಇದ್ರೆ ಲೈನೂ ಬೇಡ ಕೈರೋನೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.